ಕತ್ತಿಹಲ್ಲಿನ ಬೇಟೆಪ್ರಾಣಿಗಳ ತಲೆಬುರುಡೆ ಸಂಗ್ರಹ: ಜಮೀನಿನ ಕಾಗದದಿಂದ ಗಾಜಿನ ಕಪಾಟಿನವರೆಗೆ

ಕತ್ತಿಹಲ್ಲಿನ ಬೆಕ್ಕು ಎಂದ ಕೂಡಲೇ ನೆನಪಾಗುವುದು ಸ್ಮೈಲೋಡಾನ್. ಲಾಸ್ ಏಂಜಲೀಸ್‌ನ ರಾಂಚೊ ಲಾ ಬ್ರಿಯಾ ಡಾಂಬರು ಗುಂಡಿಗಳಿಂದ ಈ ಪ್ರಾಣಿಯ ಸಾವಿರಾರು ಮೂಳೆಗಳು ಹೊರಬಂದಿವೆ. ಹಾಗೆಂದು ಒಂದು ಅಸಲಿ ಸ್ಮೈಲೋಡಾನ್ ತಲೆಬುರುಡೆ ಮನೆಗೆ ತರಬಹುದು ಎಂದುಕೊಂಡು ಹೊರಟವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಆ ಗುಂಡಿಗಳ ಜಮೀನಿನ ಒಡೆಯ ಹ್ಯಾನ್ಕಾಕ್ 1913ರಲ್ಲಿ ಎರಡು ವರ್ಷ ಅಗೆಯುವ ಹಕ್ಕನ್ನು ಲಾಸ್ ಏಂಜಲೀಸ್ ಕೌಂಟಿಗೆ ಮಾತ್ರ ಕೊಟ್ಟರು. 1924ರಲ್ಲಿ ಜಮೀನನ್ನೇ ದಾನ ಮಾಡಿದರು. ಅಲ್ಲಿ ಸಿಕ್ಕದ್ದು ಬಹುತೇಕ ಇವತ್ತು ಸಾರ್ವಜನಿಕ ಸಂಗ್ರಹಾಲಯಗಳ ಸ್ವತ್ತು. ದಕ್ಷಿಣ ಅಮೆರಿಕದ ದೊಡ್ಡ ಸ್ಮೈಲೋಡಾನ್ ಪಾಪ್ಯುಲೇಟರ್ ಬೇಕೆಂದರೆ ಅರ್ಜೆಂಟೀನಾ, ಬ್ರೆಜಿಲ್ ಎರಡರಲ್ಲೂ ಪಳೆಯುಳಿಕೆ ಸರ್ಕಾರದ್ದು.

ಹಾಗಾದರೆ ಸಾಮಾನ್ಯ ಸಂಗ್ರಾಹಕರಿಗೆ ನ್ಯಾಯವಾಗಿ ಸಿಗುವ ಅಸಲಿ ಕತ್ತಿಹಲ್ಲಿನ ತಲೆಬುರುಡೆ ಯಾವುದು? ಅಮೆರಿಕದ ಸೌತ್ ಡಕೋಟ, ನೆಬ್ರಾಸ್ಕ, ವಯೋಮಿಂಗ್ ರಾಜ್ಯಗಳ ವೈಟ್ ರಿವರ್ ಶಿಲಾಸ್ತರಗಳಿಂದ, ಖಾಸಗಿ ಜಮೀನಿನಲ್ಲಿ ಸಿಗುವ ನಿಮ್ರಾವಿಡ್ ತಲೆಬುರುಡೆ. ಈ ಮಾರ್ಗದರ್ಶಿ ಅದರ ಬಗ್ಗೆ. ನೀವೇ ಹೋಗಿ ಅಗೆದು ತೆಗೆದರೂ ಸರಿ, ದುಡ್ಡು ಕೊಟ್ಟು ಕೊಂಡರೂ ಸರಿ, ಒಂದು ವಿಷಯ ಉದ್ದಕ್ಕೂ ನೆನಪಿರಲಿ: ಎಲ್ಲಿಂದ, ಯಾವ ಸ್ತರದಿಂದ, ಯಾರ ಅನುಮತಿಯಿಂದ ಬಂತು ಎಂಬ ದಾಖಲೆ ಇಲ್ಲದ ತಲೆಬುರುಡೆ ಎಷ್ಟೇ ಚೆಂದವಿದ್ದರೂ ಅರ್ಧ ಕಳೆದುಹೋದ ವಸ್ತು.

ಯಾವ ಪ್ರಾಣಿ, ಯಾವ ನೆಲ

ನಿಮ್ರಾವಿಡ್‌ಗಳು ನೋಡಲು ಬೆಕ್ಕೇ. ಆದರೆ ನಿಜವಾದ ಬೆಕ್ಕಿನ ಕುಟುಂಬಕ್ಕೆ ಸೇರಿದವಲ್ಲ. ಉದ್ದ ಕೋರೆ ಇವುಗಳಲ್ಲಿ ಬೇರೆಯದಾಗಿಯೇ ಬೆಳೆದು ಬಂತು. ವೈಟ್ ರಿವರ್‌ನಲ್ಲಿ ಸಂಗ್ರಾಹಕರ ಕೈಗೆ ಬರುವುದು ಮುಖ್ಯವಾಗಿ ಎರಡು: ಹಾಪ್ಲೋಫೋನಿಯಸ್ ಮತ್ತು ಡೈನಿಕ್ಟಿಸ್. ಎರಡನ್ನೂ ಲೋಕಕ್ಕೆ ಪರಿಚಯಿಸಿದವರು ಜೋಸೆಫ್ ಲೈಡಿ, 1850ರ ದಶಕದಲ್ಲಿ.

ಹಾಪ್ಲೋಫೋನಿಯಸ್ ಪ್ರೈಮೀವಸ್‌ನ ತಲೆಬುರುಡೆ ಸುಮಾರು 15–17 ಸೆಂ.ಮೀ. ಉದ್ದ. ಮೇಲಿನ ಕೋರೆ ಉದ್ದ, ಅಕ್ಕಪಕ್ಕದಿಂದ ಒತ್ತಿದಂತೆ ಚಪ್ಪಟೆ, ಮುಂದಿನ ಹಿಂದಿನ ಎರಡೂ ಅಂಚಿನಲ್ಲಿ ಸಣ್ಣ ಗರಗಸ. ಕೆಳದವಡೆಯ ಮುಂತುದಿಯಲ್ಲಿ ಮೂಳೆ ಹಾಳೆಯಾಗಿ ಕೆಳಗಿಳಿದಿರುತ್ತದೆ. ಬಾಯಿ ಮುಚ್ಚಿದಾಗ ಕೋರೆ ಆ ಹಾಳೆಯ ಹೊರಮೈಗೆ ಒರಗುತ್ತದೆ. ಇದನ್ನು ಮುಂದೆ ಗಲ್ಲದ ಹಾಳೆ ಎನ್ನೋಣ. ಡೈನಿಕ್ಟಿಸ್‌ನ ಕೋರೆ ಗಿಡ್ಡ, ಹಾಳೆಯೂ ಸಣ್ಣದು. ಖಚಿತವಾಗಿ ಬೇರ್ಪಡಿಸಬೇಕೆಂದರೆ ಕೆಳದವಡೆಯ ಕೊನೆ ನೋಡಿ: ಮಾಂಸ ಕತ್ತರಿಸುವ ದೊಡ್ಡ ದವಡೆಹಲ್ಲಿನ ಹಿಂದೆ ಡೈನಿಕ್ಟಿಸ್‌ಗೆ ಒಂದು ಪುಟ್ಟ ಹಲ್ಲು ಉಳಿದಿದೆ, ಹಾಪ್ಲೋಫೋನಿಯಸ್‌ಗೆ ಇಲ್ಲ. ಮಾರಾಟದ ಚೀಟಿಯಲ್ಲಿ ಹೆಸರು ತಪ್ಪಾಗಿರುವುದು ಸಾಮಾನ್ಯ. ಈ ಒಂದು ಹಲ್ಲಿನ ಜಾಗ ನೋಡಿದರೆ ಗೊತ್ತಾಗುತ್ತದೆ.

ಸ್ತರಗಳು ಕೆಳಗಿನಿಂದ ಮೇಲಕ್ಕೆ ಹೀಗೆ: ಚಾಡ್ರನ್, ಅದರ ಮೇಲೆ ಬ್ರೂಲ್, ಅದರ ಮೇಲೆ ಶಾರ್ಪ್ಸ್. ಚಾಡ್ರನ್ ಬೂದು-ಹಸಿರು ಜೇಡಿ, ದುಂಡನೆ ದಿಬ್ಬಗಳಾಗಿ ಸವೆಯುತ್ತದೆ. ಬ್ರೂಲ್ ಸುಮಾರು 3.4ರಿಂದ 3 ಕೋಟಿ ವರ್ಷ ಹಿಂದಿನದು, ತೆಳು ಕಂದು-ಕೆಂಪು ಪಟ್ಟಿಗಳಿರುವ ಕಡಿದಾದ ಗೋಡೆಗಳು. ಸೌತ್ ಡಕೋಟದಲ್ಲಿ ಬ್ರೂಲ್‌ನ ಕೆಳಭಾಗಕ್ಕೆ ಸೀನಿಕ್, ಮೇಲ್ಭಾಗಕ್ಕೆ ಪೋಲ್‌ಸ್ಲೈಡ್ ಎಂದು ಹೆಸರು. ಚೀಟಿಯಲ್ಲಿ ಬರೀ ‘ಬ್ರೂಲ್’ ಎಂದು ಬರೆಯುವುದಕ್ಕೂ ‘ಸೀನಿಕ್, ಇಂಥ ಬಣ್ಣದ ಪಟ್ಟಿಯಿಂದ 2 ಮೀಟರ್ ಮೇಲೆ’ ಎಂದು ಬರೆಯುವುದಕ್ಕೂ ಇರುವ ಅಂತರವೇ ಒಳ್ಳೆಯ ಸಂಗ್ರಹಕ್ಕೂ ಸಾಧಾರಣ ಸಂಗ್ರಹಕ್ಕೂ ಇರುವ ಅಂತರ.

ಅಗೆಯುವ ಮೊದಲು: ನೆಲ ಯಾರದು

ಅಮೆರಿಕದಲ್ಲಿ ಖಾಸಗಿ ಜಮೀನಿನ ಪಳೆಯುಳಿಕೆ ಜಮೀನಿನ ಮಾಲೀಕರದು. ಕೇಂದ್ರ ಸರ್ಕಾರದ ನೆಲದಲ್ಲಿ ಹಾಗಲ್ಲ. 2009ರ ಪಳೆಯುಳಿಕೆ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೆನ್ನುಮೂಳೆಯಿರುವ ಪ್ರಾಣಿಯ ಪಳೆಯುಳಿಕೆಯನ್ನು ಪರವಾನಗಿ ಇಲ್ಲದೆ ಮುಟ್ಟುವಂತಿಲ್ಲ; ಆ ಪರವಾನಗಿ ಸಂಶೋಧಕರಿಗೆ ಮಾತ್ರ, ಸಿಕ್ಕದ್ದು ಸರ್ಕಾರದ್ದೇ ಆಗಿರುತ್ತದೆ. ಮೇಲ್ಮೈಯಲ್ಲಿ ಬಿದ್ದ ಒಂದು ಹಲ್ಲಿನ ಚೂರಿಗೂ ಇದೇ ನಿಯಮ. ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ, ಅದರ ಸುತ್ತಲಿನ ಬಫಲೋ ಗ್ಯಾಪ್ ಹುಲ್ಲುಗಾವಲು ಎರಡೂ ಈ ಲೆಕ್ಕಕ್ಕೆ ಬರುತ್ತವೆ. ಪೈನ್ ರಿಜ್ ಮೂಲನಿವಾಸಿಗಳ ನೆಲ. ಅಲ್ಲಿ ಬುಡಕಟ್ಟು ಆಡಳಿತದ ಅನುಮತಿ ಇಲ್ಲದೆ ಒಂದು ಕಲ್ಲನ್ನೂ ಎತ್ತಬೇಡಿ.

ಜನ ಮೋಸ ಹೋಗುವುದು ಬೇಲಿಯ ವಿಷಯದಲ್ಲಿ. ರೈತರ ಬೇಲಿಯೊಳಗಿನ ನೆಲವೆಲ್ಲ ರೈತರದಲ್ಲ. ದನ ಮೇಯಿಸಲು ಸರ್ಕಾರದಿಂದ ಗುತ್ತಿಗೆಗೆ ಪಡೆದ ಭಾಗವೂ ಅದರಲ್ಲಿರುತ್ತದೆ. ಮಾಲೀಕರೇ ‘ಅಲ್ಲಿಯೂ ಹೋಗಿ ನೋಡಿ’ ಎಂದರೂ ಅದು ಅನುಮತಿಯಲ್ಲ, ಕೊಡುವ ಹಕ್ಕು ಅವರಿಗೇ ಇಲ್ಲ. ಆದ್ದರಿಂದ ಕೌಂಟಿಯ ಜಮೀನು ದಾಖಲೆ ಕಚೇರಿಯಲ್ಲಿ ಗಡಿ ನೋಡಿ, ಮಾಲೀಕತ್ವದ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು, ಗಡಿಯಿಂದ ಕನಿಷ್ಠ 50 ಮೀಟರ್ ಒಳಗೇ ಇರಿ. ಜಿಪಿಎಸ್ ತಪ್ಪು ತೋರಿಸಿದರೂ ಅಷ್ಟು ಅಂತರ ನಿಮ್ಮನ್ನು ಕಾಯುತ್ತದೆ.

ಒಪ್ಪಂದ ಬರಹದಲ್ಲೇ ಇರಲಿ. ಅದರಲ್ಲಿ ಇವು ಬೇಕೇಬೇಕು: ಜಮೀನಿನ ಸರಿಯಾದ ಗುರುತು, ಅಗೆಯಬಹುದಾದ ತಿಂಗಳುಗಳು, ಸಿಕ್ಕದ್ದರ ಮಾಲೀಕತ್ವ ಯಾವಾಗ ನಿಮಗೆ ವರ್ಗವಾಗುತ್ತದೆ, ಗುಂಡಿ ಮುಚ್ಚುವ ಹೊಣೆ, ಗೇಟು ಹಾಕುವ ಹೊಣೆ. ಶುಲ್ಕ ಕೊಟ್ಟು ಅಗೆಯುವ ಕೆಲವು ಜಮೀನುಗಳಲ್ಲಿ ಸಾಮಾನ್ಯ ಪ್ರಾಣಿಗಳ ಮೂಳೆ ನಿಮಗೆ, ಅಪರೂಪದ ಮಾಂಸಾಹಾರಿ ಸಿಕ್ಕರೆ ಮಾಲೀಕರಿಗೆ ಎಂಬ ಷರತ್ತು ಇರುತ್ತದೆ. ನಿಮ್ರಾವಿಡ್ ಅಂಥ ಅಪರೂಪದ್ದೇ. ಸಿಕ್ಕ ಮೇಲೆ ಜಗಳವಾಡುವುದಕ್ಕಿಂತ ಮೊದಲೇ ಆ ಸಾಲು ಓದಿ ಸಹಿ ಹಾಕಿ.

ಹುಡುಕಾಟ

ಕಾಲ: ಹಿಮ ಕರಗಿ, ವಸಂತದ ಮಳೆ ಒಂದೆರಡು ಬಿದ್ದ ಮೇಲೆ. ಈ ನೆಲ ವರ್ಷಕ್ಕೆ ಸುಮಾರು 2.5 ಸೆಂ.ಮೀ. ಸವೆಯುತ್ತದೆ ಎಂದು ಬ್ಯಾಡ್‌ಲ್ಯಾಂಡ್ಸ್ ಉದ್ಯಾನದವರೇ ಹೇಳುತ್ತಾರೆ. ಅಂದರೆ ಹೋದ ವರ್ಷ ಖಾಲಿ ಕಂಡ ಗೋಡೆ ಈ ವರ್ಷ ಖಾಲಿ ಇರಬೇಕಿಲ್ಲ. ಮಳೆ ಬಂದ ದಿನ ಮಾತ್ರ ಹೋಗಬೇಡಿ. ಒದ್ದೆ ಜೇಡಿಯಲ್ಲಿ ಗಾಡಿ ಹೂತುಹೋಗುತ್ತದೆ, ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬುಡುಬುಡಿಕೆ ಹಾವುಗಳ ಕಾಟವಿದೆ. ಕೈ ಇಡುವ ಮೊದಲು ಕಣ್ಣು ಇಡಿ.

ಕೊರಕಲಿನ ತಳದಲ್ಲಿ ನಿಧಾನವಾಗಿ ನಡೆಯಿರಿ, ಸೂರ್ಯ ಓರೆಯಾಗಿರುವ ಬೆಳಿಗ್ಗೆ ಅಥವಾ ಸಂಜೆ. ಹಲ್ಲಿನ ಎನಾಮಲ್ ಹೊಳೆಯುತ್ತದೆ, ಮೂಳೆ ಹೊಳೆಯುವುದಿಲ್ಲ. ಚೂರು ಸಿಕ್ಕರೆ ಅಲ್ಲಿಯೇ ಅಗೆಯಬೇಡಿ. ನೀರು ಅದನ್ನು ಮೇಲಿನಿಂದ ತಂದಿದೆ. ಪ್ರತಿ ಚೂರಿನ ಜಾಗದಲ್ಲೂ ಒಂದು ಚಿಕ್ಕ ಬಾವುಟ ನೆಟ್ಟು ಮೇಲಕ್ಕೆ ಹತ್ತುತ್ತಾ ಹೋಗಿ. ಬಾವುಟಗಳು ಬೀಸಣಿಗೆಯ ಆಕಾರದಲ್ಲಿ ಕಿರಿದಾಗುತ್ತಾ ಒಂದು ಬಿಂದುವಿಗೆ ಸೇರುತ್ತವೆ. ಅದಕ್ಕಿಂತ ಮೇಲೆ ಚೂರೇ ಇಲ್ಲದಿದ್ದರೆ ಮೂಳೆ ಹೊರಬರುತ್ತಿರುವ ಸ್ತರ ಅದೇ.

ಇಲ್ಲಿ ಸಿಗುವುದರಲ್ಲಿ ಅತಿ ಹೆಚ್ಚು ಓರಿಯೋಡಾಂಟ್ ಎಂಬ ಸಸ್ಯಾಹಾರಿ. ಅದಕ್ಕೂ ಚೂಪಾದ ಕೋರೆಯಿದೆ, ಹೊಸಬರು ಕುಣಿದಾಡುವುದು ಅದನ್ನು ನೋಡಿಯೇ. ವ್ಯತ್ಯಾಸ ಹೀಗೆ: ಓರಿಯೋಡಾಂಟ್ ಕೋರೆಯನ್ನು ಅಡ್ಡ ಕತ್ತರಿಸಿದಂತೆ ನೋಡಿದರೆ ದಪ್ಪ, ಮುಮ್ಮೂಲೆಯಂತೆ, ದವಡೆಹಲ್ಲಿನ ಮೇಲೆ ಅರ್ಧಚಂದ್ರದ ಗೆರೆಗಳು. ನಿಮ್ರಾವಿಡ್ ಕೋರೆ ತೆಳ್ಳಗೆ, ಅಂಚಿನಲ್ಲಿ ಗರಗಸ. ದವಡೆಹಲ್ಲು ಅರೆಯುವ ಕಲ್ಲಲ್ಲ, ಕತ್ತರಿಯ ಅಲಗು. 10 ಪಟ್ಟು ದೊಡ್ಡದು ಮಾಡುವ ಕೈಗನ್ನಡಿ ಕೊರಳಲ್ಲೇ ಇರಲಿ.

ಸಿಕ್ಕ ಮೇಲೆ, ಅಗೆಯುವ ಮುಂಚೆ

ಮೊದಲ ಒಂದು ಗಂಟೆ ಬರೀ ಬರವಣಿಗೆ. ಜಿಪಿಎಸ್ ಅಂಕಿ ಬರೆಯುವಾಗ ‘ಡಬ್ಲ್ಯೂಜಿಎಸ್ 84’ ಎಂಬ ನಕ್ಷೆ-ಅಳತೆಯ ಆಧಾರವನ್ನೂ ಬರೆಯಿರಿ, ಇಲ್ಲದಿದ್ದರೆ ಅದೇ ಅಂಕಿ ಇನ್ನೊಂದು ಜಾಗ ತೋರಿಸಬಹುದು. ದೂರದಿಂದ, ಮಧ್ಯದಿಂದ, ಹತ್ತಿರದಿಂದ ಮೂರು ಫೋಟೊ; ಪ್ರತಿಯೊಂದರಲ್ಲೂ ಅಳತೆಪಟ್ಟಿ ಮತ್ತು ಉತ್ತರ ದಿಕ್ಕಿನ ಬಾಣ. ಗುರುತಿಸಬಹುದಾದ ಸ್ತರದಿಂದ ಎಷ್ಟು ಮೇಲೆ ಅಥವಾ ಕೆಳಗೆ ಎಂದು ಟೇಪು ಹಿಡಿದು ಅಳೆಯಿರಿ. ಮೂಳೆ ಸ್ತರದೊಳಗೇ ಇತ್ತೋ, ಕಳಚಿ ಬಿದ್ದಿತ್ತೋ? ಮೂತಿ ಯಾವ ದಿಕ್ಕಿಗೆ? ಬಲಗಡೆ ಮೇಲಿತ್ತೋ ಎಡಗಡೆಯೋ? ಸುತ್ತ ಬೇರೆ ಯಾವ ಮೂಳೆ? ಈ ಉತ್ತರಗಳನ್ನು ಆಮೇಲೆ ಎಲ್ಲಿಂದಲೂ ತರಲಾಗುವುದಿಲ್ಲ.

2010ರಲ್ಲಿ ಬ್ಯಾಡ್‌ಲ್ಯಾಂಡ್ಸ್ ಉದ್ಯಾನದ ಬೆನ್ ರೀಫೆಲ್ ಸಂದರ್ಶಕರ ಕೇಂದ್ರದ ಹತ್ತಿರವೇ ಏಳು ವರ್ಷದ ಬಾಲಕಿಯೊಬ್ಬಳು ಒಂದು ಪಳೆಯುಳಿಕೆ ಕಂಡಳು. ಮುಟ್ಟದೆ, ಎತ್ತದೆ, ನೇರವಾಗಿ ಉದ್ಯಾನದವರಿಗೆ ಹೇಳಿದಳು. ಅದು ಹಾಪ್ಲೋಫೋನಿಯಸ್ ತಲೆಬುರುಡೆ. ಅದರ ಮೇಲೆ ಇನ್ನೊಂದು ನಿಮ್ರಾವಿಡ್ ಕಚ್ಚಿದ ಗುರುತುಗಳಿದ್ದವು. ಯಾರಾದರೂ ಕಿತ್ತು ತೊಳೆದು ತೂತು ಮುಚ್ಚಿದ್ದರೆ ಆ ಜಗಳದ ಸುದ್ದಿ ಅಲ್ಲಿಗೇ ಮುಗಿಯುತ್ತಿತ್ತು.

ಹೊರತೆಗೆಯುವುದು

ಅಗೆಯುವ ಜಾಗದಲ್ಲೇ ತಲೆಬುರುಡೆಯನ್ನು ಪೂರ್ತಿ ಬಿಡಿಸಲು ಹೋಗಬೇಡಿ. ಅದು ಮೇಜಿನ ಮೇಲಿನ ಕೆಲಸ. ಇಲ್ಲಿ ನಿಮ್ಮ ಗುರಿ ಒಂದೇ: ಮೂಳೆ ಇರುವ ಮಣ್ಣಿನ ಗಡ್ಡೆಯನ್ನು ಅಲುಗಾಡದಂತೆ ಮನೆಗೆ ತರುವುದು.

ಬೇಕಾದದ್ದು: ದಬ್ಬಳ, ಸಣ್ಣ ಉಳಿ, ಕರಣೆ, ಮೆತ್ತನೆ ಬ್ರಷ್, ಪ್ಯಾರಲಾಯ್ಡ್ ಬಿ-72 (ಮೂಳೆ ಗಟ್ಟಿ ಮಾಡಲು, ಅಂಟಿಸಲು ಬಳಸುವ, ಅಸಿಟೋನ್‌ನಲ್ಲಿ ಕರಗುವ ಅಕ್ರಿಲಿಕ್ ರಾಳ) ದ್ರಾವಣ, ಟಾಯ್ಲೆಟ್ ಪೇಪರ್, 5 ಕೆ.ಜಿ. ಪ್ಲಾಸ್ಟರ್ ಆಫ್ ಪ್ಯಾರಿಸ್, 10 ಸೆಂ.ಮೀ. ಅಗಲ 45 ಸೆಂ.ಮೀ. ಉದ್ದಕ್ಕೆ ಕತ್ತರಿಸಿದ ಗೋಣಿ ಬಟ್ಟೆಯ ಸುಮಾರು 30 ಪಟ್ಟಿ, ನೀರು 10 ಲೀಟರ್.

1. ಹೊರಗೆ ಕಾಣುವ ಮೂಳೆ ಒಣಗಿದೆಯೇ ನೋಡಿ. ಒಣಗಿದ್ದರೆ ಬಿ-72ರ ತೆಳು ದ್ರಾವಣವನ್ನು (100 ಮಿ.ಲೀ. ಅಸಿಟೋನ್‌ಗೆ 5 ಗ್ರಾಂ) ಹನಿ ಹನಿಯಾಗಿ ಹಾಕಿ. ಮೂಳೆ ಕುಡಿಯುವುದು ನಿಲ್ಲಿಸಿದಾಗ ನೀವೂ ನಿಲ್ಲಿಸಿ. ಒದ್ದೆ ಮೂಳೆಗೆ ಹಾಕಿದರೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಒಳಗೆ ಇಳಿಯುವುದಿಲ್ಲ.

2. ಮೂಳೆಯ ಅಂಚಿನಿಂದ ಎಲ್ಲ ಕಡೆ 6–8 ಸೆಂ.ಮೀ. ಬಿಟ್ಟು ಸುತ್ತ ಕಂದಕ ತೋಡಿ. ಕೋರೆ ಇರುವ ಕಡೆ ಇನ್ನೂ ಹೆಚ್ಚು ಬಿಡಿ. ಗಲ್ಲದ ಹಾಳೆ ನೀವಂದುಕೊಂಡದ್ದಕ್ಕಿಂತ ಕೆಳಗೆ ಇಳಿದಿರುತ್ತದೆ. ಅತಿ ಹೆಚ್ಚು ಮುರಿಯುವುದು ಇಲ್ಲೇ.

3. ಗಡ್ಡೆಯ ಕೆಳಗೆ ಸುತ್ತಲೂ ಕೊರೆಯುತ್ತಾ ಬನ್ನಿ, ಮೇಲೆ ಅಗಲ, ಕೆಳಗೆ ಸಣ್ಣ ಕಾಂಡ ಉಳಿಯುವ ಹಾಗೆ. ಕಾಂಡ ಗಡ್ಡೆಯ ಅಗಲದ ಮೂರನೇ ಒಂದು ಭಾಗಕ್ಕಿಂತ ಕಿರಿದಾಗಬಾರದು.

4. ಒದ್ದೆ ಟಾಯ್ಲೆಟ್ ಪೇಪರನ್ನು ನಾಲ್ಕೈದು ಪದರ ಒತ್ತಿ ಹೊದಿಸಿ. ಇದನ್ನು ಬಿಟ್ಟರೆ ಪ್ಲಾಸ್ಟರ್ ನೇರವಾಗಿ ಮೂಳೆಗೆ ಕಚ್ಚುತ್ತದೆ, ಬಿಚ್ಚುವಾಗ ಮೂಳೆಯ ಮೈ ಕಿತ್ತುಬರುತ್ತದೆ.

5. ನೀರಿಗೆ ಪ್ಲಾಸ್ಟರ್ ಉದುರಿಸಿ, ಪ್ಲಾಸ್ಟರಿಗೆ ನೀರು ಸುರಿಯಬೇಡಿ. ಅಳತೆಯಲ್ಲಿ ಒಂದು ಪಾಲು ನೀರಿಗೆ ಹೆಚ್ಚುಕಡಿಮೆ ಎರಡು ಪಾಲು ಪುಡಿ. ದೋಸೆ ಹಿಟ್ಟಿನ ಹದ ಬರಬೇಕು. ಗೋಣಿ ಪಟ್ಟಿಯನ್ನು ಮೊದಲೇ ನೀರಲ್ಲಿ ನೆನೆಸಿ ಹಿಂಡಿಟ್ಟಿರಿ, ಒಣ ಗೋಣಿ ಪ್ಲಾಸ್ಟರಿನ ನೀರು ಹೀರಿ ಅದನ್ನು ಬಲವಿಲ್ಲದಂತೆ ಮಾಡುತ್ತದೆ. ಪಟ್ಟಿಗಳನ್ನು ಅಡ್ಡ, ಉದ್ದ, ಓರೆ ಹಾಕಿ ಮೂರು ಪದರ. ಕಾಂಡದ ಕಡೆಗೆ ಅಂಚನ್ನು ಒಳಕ್ಕೆ ಮಡಿಸಿ, ಇಲ್ಲದಿದ್ದರೆ ತಿರುಗಿಸುವಾಗ ಗಡ್ಡೆ ಜಾರಿ ಬೀಳುತ್ತದೆ.

6. ಪೂರ್ತಿ ಗಟ್ಟಿಯಾಗಲು ಕನಿಷ್ಠ ಒಂದು ಗಂಟೆ ಬಿಡಿ. ಅಷ್ಟರಲ್ಲಿ ಕವಚದ ಮೇಲೆ ಸಂಖ್ಯೆ, ದಿನಾಂಕ, ಉತ್ತರ ಬಾಣ, ‘ಈ ಮೈ ಮೇಲಿತ್ತು’ ಎಂಬುದನ್ನು ಅಳಿಸಲಾಗದ ಶಾಯಿಯಲ್ಲಿ ಬರೆಯಿರಿ.

7. ಕಾಂಡವನ್ನು ಕೊರೆದು ಒಂದೇ ಗತಿಯಲ್ಲಿ ಮಗುಚಿ. ತಳಕ್ಕೂ ಪೇಪರ್, ಪಟ್ಟಿ ಹಾಕಿ ಮುಚ್ಚಿ.

30×25×20 ಸೆಂ.ಮೀ. ಗಡ್ಡೆ 30 ಕೆ.ಜಿ. ಹತ್ತಿರ ತೂಗುತ್ತದೆ. ಒಬ್ಬರೇ ಕೊರಕಲಿನಿಂದ ಹೊತ್ತು ತರುವ ಸಾಹಸ ಬೇಡ, ಇಬ್ಬರು ಬೇಕು. ವಾರದಲ್ಲಿ ಗುಂಡಿ ಮುಚ್ಚಿ ಬನ್ನಿ. ದನ ಕಾಲು ಮುರಿದುಕೊಂಡರೆ ಆ ಮಾಲೀಕರು ಇನ್ಯಾರಿಗೂ ಗೇಟು ತೆರೆಯುವುದಿಲ್ಲ.

ಮೇಜಿನ ಮೇಲೆ ಬಿಡಿಸುವುದು

ಮೊದಲ ನಿಯಮ: ನೀರು ಬೇಡ. ಈ ಮಣ್ಣಿನಲ್ಲಿ ಜ್ವಾಲಾಮುಖಿ ಬೂದಿಯಿಂದಾದ, ನೀರು ಕುಡಿದರೆ ಉಬ್ಬುವ ಜೇಡಿಯಿದೆ. ಮೂಳೆಯ ಬಿರುಕಿನೊಳಗಿನ ಜೇಡಿ ಉಬ್ಬಿತೆಂದರೆ ತಲೆಬುರುಡೆ ಒಳಗಿನಿಂದ ಒಡೆಯುತ್ತದೆ. ಮೆತ್ತಗೆ ಮಾಡಲೇಬೇಕಾದರೆ ಒಂದು ಚದರ ಸೆಂ.ಮೀ. ಜಾಗಕ್ಕೆ ಅಸಿಟೋನ್ ಅಥವಾ ಆಲ್ಕೋಹಾಲ್ ತೊಟ್ಟು ಹಾಕಿ. ಆದರೆ ಬಿ-72 ಹಾಕಿದ ಜಾಗದಲ್ಲಿ ಅಸಿಟೋನ್ ಅದನ್ನೂ ಕರಗಿಸುತ್ತದೆ ಎಂಬುದು ಗಮನದಲ್ಲಿರಲಿ.

ಎರಡನೆಯದು ದೂಳು. ಈ ದೂಳಿನಲ್ಲಿ ಸಿಲಿಕಾ ಇದೆ. ವೈಟ್ ರಿವರ್‌ನ ಕೆಲವು ಮೂಳೆಗಳಲ್ಲಿ ಸ್ವಲ್ಪ ಯುರೇನಿಯಂ ಕೂಡ ಸೇರಿಕೊಂಡಿರುತ್ತದೆ. ಒಳ್ಳೆಯ ದೂಳುಮಾಸ್ಕು, ದೂಳು ಎಳೆಯುವ ಯಂತ್ರ, ಊಟದ ಮೇಜಿನಿಂದ ದೂರದ ಕೋಣೆ. ಮೂಳೆಯನ್ನು ಉಜ್ಜಿ ಪುಡಿ ಮಾಡಿ ಅಂಟಿಗೆ ಬೆರೆಸುವ ಹಳೆಯ ಅಭ್ಯಾಸ ಬಿಡಿ.

ಕವಚದ ಒಂದು ಮೈಯನ್ನು ಮಾತ್ರ ಬಿಚ್ಚಿ, ಇನ್ನೊಂದು ಅರ್ಧ ತೊಟ್ಟಿಲಾಗಿ ಉಳಿಯಲಿ. ಮೆತ್ತನೆ ಮಣ್ಣಿಗೆ ಕಾರ್ಬೈಡ್ ಸೂಜಿ ಸಾಕು. ಸುಣ್ಣ ಕಟ್ಟಿದ ಗಟ್ಟಿ ಗಂಟಿಗೆ ಗಾಳಿಯಿಂದ ನಡೆಯುವ ಸಣ್ಣ ಕೊರೆಯುವ ಪೆನ್ನು ಬೇಕು. ಮೂಳೆಯಿಂದ 2 ಮಿ.ಮೀ. ದೂರದವರೆಗೆ ಅದು, ಆಮೇಲೆ ಸೂಜಿ. ಪುಡಿ ಊದಿ ಮಣ್ಣು ಸವೆಸುವ ಯಂತ್ರವಿದ್ದರೆ, ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಲೆಕ್ಕದಲ್ಲಿ (ಅಂಕಿ ಹೆಚ್ಚಿದಷ್ಟೂ ಗಟ್ಟಿ) ಹೀಗೆ: ಅಡುಗೆ ಸೋಡ ಸುಮಾರು 2.5, ಡಾಲಮೈಟ್ 3.5ರಿಂದ 4, ಮೂಳೆಯ ಖನಿಜ 5. ಸೋಡದಿಂದ ಶುರುಮಾಡಿ, ಆಗದಿದ್ದರೆ ಡಾಲಮೈಟ್. ಅಲ್ಯುಮಿನಿಯಂ ಆಕ್ಸೈಡ್ 9. ಅದು ಗರಗಸದಂಚನ್ನು ಕ್ಷಣದಲ್ಲಿ ಸವೆಸಿಬಿಡುತ್ತದೆ, ತಲೆಬುರುಡೆಯ ಹತ್ತಿರ ತರಲೇಬೇಡಿ. ಗಾಳಿಯ ತೇವ ತೆಗೆಯುವ ಫಿಲ್ಟರ್ ಇಲ್ಲದಿದ್ದರೆ ಮಳೆಗಾಲದಲ್ಲಿ ಪುಡಿ ಗಂಟುಕಟ್ಟಿ ನಳಿಕೆ ಮುಚ್ಚುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮ ಕೆಲಸ ಕೋರೆಯದು. ಬಾಯಿ ಮುಚ್ಚಿಯೇ ಹೂತ ತಲೆಬುರುಡೆಯಲ್ಲಿ ಕೋರೆಗೂ ಗಲ್ಲದ ಹಾಳೆಗೂ ನಡುವೆ ಕೆಲವೇ ಮಿಲಿಮೀಟರ್ ಮಣ್ಣಿರುತ್ತದೆ. ಆ ಮಣ್ಣೇ ಎರಡಕ್ಕೂ ಆಸರೆ. ಆದ್ದರಿಂದ ಬೇರಿನ ಕಡೆಯಿಂದ ತುದಿಯ ಕಡೆಗೆ ಬನ್ನಿ. ಒಂದು ಸೆಂ.ಮೀ. ತೆರೆಯಿರಿ, ತೆಳು ಬಿ-72 ಹನಿಸಿ, ಒಂದು ರಾತ್ರಿ ಒಣಗಲು ಬಿಡಿ, ಮುಂದಿನ ಸೆಂ.ಮೀ.ಗೆ ಹೋಗಿ. ತುದಿ ಕಡೇವರೆಗೂ ಮಣ್ಣಿನಲ್ಲೇ ಇರಲಿ. ಒಳಮೈಯ ಮಣ್ಣು ತೆಗೆಯುವುದು ಹೊರಮೈ ಪೂರ್ತಿ ಗಟ್ಟಿಯಾದ ಮೇಲೆ. ಎಷ್ಟೋ ಒಳ್ಳೆಯ ತಲೆಬುರುಡೆಗಳಲ್ಲಿ ಅದನ್ನು ತೆಗೆಯದೇ ಬಿಡುವುದೇ ಸರಿ. ಕೋರೆಯ ಸುತ್ತ ಎರಡೂ ಕಡೆ ಟೊಳ್ಳು ಮಾಡಿ ಚೆಂದ ಕಾಣಿಸಬೇಕೆಂಬ ಆಸೆಯಿಂದ ಮುರಿದ ಕೋರೆಗಳೇ ಹೆಚ್ಚು.

ಕಿವಿಯ ಭಾಗದಲ್ಲಿ ಇನ್ನೊಂದು ಎಚ್ಚರ. ಬೆಕ್ಕಿನ ತಲೆಬುರುಡೆಯಲ್ಲಿ ಕಾಣುವ ದುಂಡನೆ ಮೂಳೆಬುಗುಟು ಇಲ್ಲಿ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಇರಲೇಬೇಕು ಎಂದು ಹುಡುಕುತ್ತಾ ಕೊರೆದರೆ ಒಳಗಿವಿಯ ಮೂಳೆಗೆ ಪೆಟ್ಟು.

ಅಂಟಿಗೂ ಬಿ-72ನ್ನೇ ಬಳಸಿ: 100 ಮಿ.ಲೀ. ಅಸಿಟೋನ್‌ಗೆ 50 ಗ್ರಾಂ. ಹರಳುಗಳನ್ನು ಬಟ್ಟೆಯಲ್ಲಿ ಕಟ್ಟಿ ಗಾಜಿನ ಜಾಡಿಯಲ್ಲಿ ತೂಗುಬಿಟ್ಟರೆ ಒಂದು ರಾತ್ರಿಯಲ್ಲಿ ಕರಗುತ್ತದೆ, ತಳಕ್ಕೆ ಹಾಕಿದರೆ ಮುದ್ದೆಯಾಗಿ ಕೂರುತ್ತದೆ. ಸೂಪರ್‌ಗ್ಲೂ ಬೇಗ ಅಂಟುತ್ತದೆ ನಿಜ, ಆದರೆ ತಪ್ಪಾಗಿ ಕೂಡಿಸಿದ್ದನ್ನು ಬಿಡಿಸುವುದು ಬಹಳ ಕಷ್ಟ. ಬಿ-72 ಹತ್ತು ವರ್ಷದ ಮೇಲೂ ಅಸಿಟೋನ್‌ಗೆ ಬಿಟ್ಟುಕೊಡುತ್ತದೆ. ಜೋಡಿಸಿದ ಭಾಗವನ್ನು ಮರಳಿನ ಚೀಲದ ಮೇಲೆ ಒರಗಿಸಿ ಒಂದು ದಿನ ಮುಟ್ಟಬೇಡಿ.

ತೂತು ಮುಚ್ಚುವ ಮೊದಲು ಕೈಗನ್ನಡಿಯಲ್ಲಿ ಅದರ ಅಂಚು ನೋಡಿ. ಅಂಚು ಒಳಕ್ಕೆ ಕುಸಿದಿದ್ದರೆ, ಅಥವಾ ಅಂಚಿನಲ್ಲಿ ಹೊಸ ಮೂಳೆ ಬೆಳೆದು ನಯವಾಗಿದ್ದರೆ, ಅದು ಕಚ್ಚಿದ ಗಾಯವಿರಬಹುದು. ಅಂಥದ್ದನ್ನು ಮುಚ್ಚಬೇಡಿ, ರ‍್ಯಾಪಿಡ್ ಸಿಟಿಯ ಸೌತ್ ಡಕೋಟ ಮೈನ್ಸ್ ಭೂವಿಜ್ಞಾನ ಸಂಗ್ರಹಾಲಯಕ್ಕೋ ಲಿಂಕನ್‌ನ ನೆಬ್ರಾಸ್ಕ ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೋ ಫೋಟೊ ಕಳಿಸಿ. ಖಾಸಗಿ ಮನೆಯಲ್ಲಿರುವ ಮಾದರಿಯ ಮೇಲೆ ಬರೆದ ಪ್ರಬಂಧವನ್ನು ಬೆನ್ನೆಲುಬಿ ಪಳೆಯುಳಿಕೆ ವಿಜ್ಞಾನದ ಪತ್ರಿಕೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ನಿಜಕ್ಕೂ ವಿಶೇಷವಾದದ್ದು ಸಿಕ್ಕರೆ ದಾನ ಕೊಟ್ಟು ಎರಕವೊಂದನ್ನು (ಅಚ್ಚು ತೆಗೆದು ಮಾಡಿದ ಪ್ರತಿ) ಮನೆಯಲ್ಲಿಟ್ಟುಕೊಳ್ಳುವುದೇ ಉತ್ತಮ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಉಳಿದ ಕೊರತೆಗಳನ್ನು ತುಂಬುವುದಾದರೆ ಮೊದಲು ಮೂಳೆಯ ಮೈಗೆ ಬಿ-72 ಪದರ, ಅದರ ಮೇಲೆ ಎಪಾಕ್ಸಿ ಪುಟ್ಟಿ. ಬಣ್ಣ ಮೂಳೆಗಿಂತ ಒಂದು ಛಾಯೆ ಬೇರೆಯಿರಲಿ, ಒಂದು ಮೀಟರ್ ದೂರದಿಂದ ಕಾಣದಷ್ಟು, ಕೈಯಲ್ಲಿ ಹಿಡಿದರೆ ಕಾಣುವಷ್ಟು. ತುಂಬುವ ಮುಂಚಿನ ಫೋಟೊ ಕಡತದಲ್ಲಿರಬೇಕು.

ಕೊಳ್ಳುವವರಿಗೆ: ಅಸಲಿ ಎಷ್ಟು, ಪುಟ್ಟಿ ಎಷ್ಟು

ಪೂರ್ತಿ ನಕಲಿ ತಲೆಬುರುಡೆ ಹಿಡಿಯುವುದು ಸುಲಭ: ಅಚ್ಚಿನ ಗೆರೆ, ಸೂಜಿಮೊನೆಯಷ್ಟು ಗಾಳಿಗುಳ್ಳೆ, ಕೈಗೆ ಹಗುರ, ಮುಟ್ಟಿದರೆ ಬೆಚ್ಚಗೆ. ಕಷ್ಟವಾದದ್ದು ಅರ್ಧ ಅಸಲಿ. ಎರಡು ಮೂರು ಪ್ರಾಣಿಗಳ ತುಂಡು ಸೇರಿಸಿ ಮಾಡಿದ್ದು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ತಜ್ಞರೂ ಮೋಸಹೋಗಿದ್ದಾರೆ: ಚೀನಾದ ಗಾನ್ಸು ಪ್ರಾಂತ್ಯದ್ದೆಂದು ಬಂದ ಒಂದು ಪ್ರಾಚೀನ ಚೀತಾ ಜಾತಿಯ ತಲೆಬುರುಡೆಗೆ ಅಸಿನೋನಿಕ್ಸ್ ಕುರ್ಟೆನಿ ಎಂದು ಹೆಸರಿಟ್ಟು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 2009ರಲ್ಲಿ ಪ್ರಕಟಿಸಿದರು. ಅದು ಜೋಡಿಸಿ ಮಾಡಿದ್ದೆಂದು ಗೊತ್ತಾಗಿ 2012ರಲ್ಲಿ ಪ್ರಬಂಧ ಹಿಂತೆಗೆದುಕೊಂಡರು. ಗಾನ್ಸುವಿನ ದೊಡ್ಡ ಕತ್ತಿಹಲ್ಲಿನ ತಲೆಬುರುಡೆಗಳೂ ಮಾರಾಟಕ್ಕೆ ಕಾಣಿಸುತ್ತವೆ. 2011ರಿಂದ ಜಾರಿಯಲ್ಲಿರುವ ಚೀನಾದ ಪಳೆಯುಳಿಕೆ ನಿಯಮಗಳಡಿ ಅನುಮತಿ ಇಲ್ಲದೆ ಇವು ದೇಶ ಬಿಡುವಂತಿಲ್ಲ. ಅಸಲಿಯಾದರೆ ಕಳ್ಳಮಾಲು, ಕಳ್ಳಮಾಲಲ್ಲದಿದ್ದರೆ ನಕಲಿ, ಎರಡೂ ಬೇಡ.

ವೈಟ್ ರಿವರ್ ತಲೆಬುರುಡೆ ಮುಂದಿಟ್ಟರೆ ನೋಡಬೇಕಾದದ್ದು, ಮುಖ್ಯವಾದದ್ದು ಮೊದಲು:

ಕೋರೆಯಿಂದ ಶುರುಮಾಡಿ, ಏಕೆಂದರೆ ಬೆಲೆ ಏರಿಸುವುದು ಅದೇ, ಮೊದಲು ಮುರಿಯುವುದೂ ಅದೇ. ಎನಾಮಲ್‌ನಲ್ಲಿ ಉದ್ದಕ್ಕೂ ಸೂಕ್ಷ್ಮ ಬಿರುಕುಗಳಿರುತ್ತವೆ. ಆ ಬಿರುಕುಗಳು ಒಂದು ಜಾಗದಲ್ಲಿ ಥಟ್ಟನೆ ನಿಂತರೆ ಅಲ್ಲಿಂದ ಕೆಳಗೆ ಪುಟ್ಟಿ. ಗರಗಸ 10 ಪಟ್ಟಿನಲ್ಲಿ ಕಾಣಬೇಕು. ಅಂಚು ಪೂರ್ತಿ ನುಣುಪಾಗಿದ್ದರೆ ಒಂದೋ ಅತಿಯಾಗಿ ಉಜ್ಜಿದ್ದು, ಇಲ್ಲವೇ ಕೈಯಲ್ಲಿ ಮಾಡಿದ್ದು. ಎಡ ಬಲ ಕೋರೆಗಳ ಸವೆತ ಒಂದೇ ವಯಸ್ಸಿನದಾಗಿರಬೇಕು. ಸ್ಮೈಲೋಡಾನ್‌ನ ಎರಕಗಳಲ್ಲಿ ಒಂದೇ ಕಡೆ ಎರಡು ಕೋರೆ ಕಂಡರೆ ಗಾಬರಿ ಬೇಡ: ಮರಿಗಳಲ್ಲಿ ಹಾಲುಕೋರೆ ಬೀಳುವ ಮೊದಲೇ ಪಕ್ಕದಲ್ಲಿ ಶಾಶ್ವತ ಕೋರೆ ಇಳಿಯುತ್ತದೆ.

ಆಮೇಲೆ ತಲೆಬುರುಡೆಯ ಎರಡೂ ದವಡೆ ಕೂಡಿಸಿ ನೋಡಿ. ಮೇಲಿನ ಕತ್ತರಿಹಲ್ಲಿನ ಒಳಮೈ ಸವೆತವೂ ಕೆಳಗಿನದರ ಹೊರಮೈ ಸವೆತವೂ ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ಕೆಳದವಡೆ ಬೇರೆ ಪ್ರಾಣಿಯದು. ತಲೆಬುರುಡೆ ಸ್ವಲ್ಪ ಚಪ್ಪಟೆಯಾಗಿಯೋ ಓರೆಯಾಗಿಯೋ ಇರುವುದು ತಪ್ಪಲ್ಲ, ಮಣ್ಣಿನ ಭಾರಕ್ಕೆ ಹಾಗಾಗುತ್ತದೆ. ಎಡಬಲ ಅಚ್ಚುಕಟ್ಟಾಗಿ ಒಂದೇ ಸಮ ಇದ್ದರೇ ಅನುಮಾನಪಡಿ.

ಕತ್ತಲೆ ಕೋಣೆಯಲ್ಲಿ 365 ನ್ಯಾನೋಮೀಟರ್‌ನ ನೇರಳಾತೀತ ಟಾರ್ಚು ಹಿಡಿಯಿರಿ. ಅಂಟು, ರಾಳ, ಬಣ್ಣ ಮೂಳೆಗಿಂತ ಬೇರೆ ಥರ ಹೊಳೆಯುತ್ತವೆ. ಅಸಲಿ ಮೂಳೆ ಇಡೀ ಮೈ ಹೆಚ್ಚುಕಡಿಮೆ ಒಂದೇ ಬಣ್ಣ ಕೊಡುತ್ತದೆ; ತೇಪೆ ತೇಪೆಯಾಗಿ ಕಂಡರೆ ಆ ತೇಪೆಗಳನ್ನು ಚಿತ್ರದಲ್ಲಿ ಗುರುತು ಹಾಕಿ ಮಾರುವವರನ್ನು ಕೇಳಿ. ಒಪ್ಪಿದರೆ ಅಸಿಟೋನ್ ಅದ್ದಿದ ಹತ್ತಿಯಿಂದ ಕಣ್ಣಿಗೆ ಬೀಳದ ಜಾಗ ಒರೆಸಿ, ಬಣ್ಣ ಬಿಟ್ಟರೆ ಬಳಿದದ್ದು. ದೊಡ್ಡ ಮೊತ್ತವಾದರೆ ಸಿಟಿ ಸ್ಕ್ಯಾನ್ ಚಿತ್ರ ಕೇಳುವುದರಲ್ಲಿ ಸಂಕೋಚ ಬೇಡ. ಒಳಗೆ ತಂತಿ, ಪ್ಲಾಸ್ಟರ್ ಎಲ್ಲವೂ ಕಾಣುತ್ತದೆ.

ಮಾರುವವರಿಂದ ಬರಹದಲ್ಲಿ ಪಡೆಯಬೇಕಾದದ್ದು: ಕೌಂಟಿ, ಸ್ತರ, ತೆಗೆದ ವರ್ಷ, ಖಾಸಗಿ ಜಮೀನು ಎಂಬುದಕ್ಕೆ ಮಾಲೀಕರ ಸಹಿಯಿರುವ ಪತ್ರ, ಬಿಡಿಸುವ ಮುಂಚಿನ ಫೋಟೊ, ಯಾವ ಭಾಗ ತುಂಬಿದ್ದು ಎಂಬ ಚಿತ್ರ. ‘ಹಳೆಯ ಸಂಗ್ರಹದಿಂದ’ ಎಂಬ ಒಂದೇ ಮಾತು ದಾಖಲೆಯಲ್ಲ.

ಎರಕ

ಸ್ಮೈಲೋಡಾನ್ ಬೇಕೇಬೇಕು ಎನ್ನುವವರಿಗೆ ಎರಕವೇ ದಾರಿ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಸಂಗ್ರಹಾಲಯಗಳೂ ಪ್ರದರ್ಶನಕ್ಕೆ ಎರಕ ಇಡುತ್ತವೆ. ಸ್ಮೈಲೋಡಾನ್ ಫಾಟಾಲಿಸ್‌ನ ತಲೆಬುರುಡೆ ಸುಮಾರು 30 ಸೆಂ.ಮೀ.; ಬೇರು ಸೇರಿ ಕೋರೆ 18 ಸೆಂ.ಮೀ. ಹತ್ತಿರ. ಅಳತೆ ಇದಕ್ಕಿಂತ ತೀರ ಬೇರೆಯಿದ್ದರೆ ಅದು ಕಲಾವಿದರ ಕೈಯದು. ಮಾರ್ಫೋಸೋರ್ಸ್‌ನಂಥ ಜಾಲತಾಣಗಳಲ್ಲಿ ತಲೆಬುರುಡೆಗಳ ಸ್ಕ್ಯಾನ್‌ಗಳಿವೆ, ಪ್ರತಿಯೊಂದಕ್ಕೂ ಬಳಕೆಯ ಷರತ್ತು ಬೇರೆ. ಅವನ್ನು 3ಡಿ ಮುದ್ರಣ ಮಾಡುವಾಗ ಪದರ 0.1 ಮಿ.ಮೀ. ಅಥವಾ ಕಡಿಮೆ ಇಡಿ, ಗರಗಸದಂಚು ಆಗಲೂ ಅಷ್ಟಾಗಿ ಬರುವುದಿಲ್ಲ.

ಭಾರತಕ್ಕೆ ತರುವುದು, ಇಲ್ಲಿ ಸಿಗುವುದು

ಕರ್ನಾಟಕದಲ್ಲಿ ಕೊಳ್ಳುವವರು ಕಸ್ಟಮ್ಸ್ ಏಜೆಂಟರನ್ನು ದುಡ್ಡು ಕೊಡುವ ಮೊದಲೇ ಕೇಳಬೇಕು, ಪೆಟ್ಟಿಗೆ ಬೆಂಗಳೂರಿಗೆ ಬಂದ ಮೇಲಲ್ಲ. ಪಳೆಯುಳಿಕೆ ಸಂಗ್ರಹ ವಸ್ತುಗಳು ಸುಂಕ ಪಟ್ಟಿಯ 9705ನೇ ಶೀರ್ಷಿಕೆಯಲ್ಲಿ ಬರುತ್ತವೆ. ಬಿಲ್ಲಿನಲ್ಲಿ ‘ಪ್ರಾಣಿ ತಲೆಬುರುಡೆ’ ಎಂದಷ್ಟೇ ಬರೆದರೆ ವನ್ಯಜೀವಿ ತಪಾಸಣೆಗೆ ಹೋಗಿ ಕೂರುತ್ತದೆ. ಅಳಿದ ಪ್ರಾಣಿಯ ಪಳೆಯುಳಿಕೆ, ಕಾಲ, ರಾಜ್ಯ, ಖಾಸಗಿ ಜಮೀನು ಎಂದು ಪೂರ್ತಿ ಬರೆಸಿ, ಮಾಲೀಕರ ಪತ್ರದ ಪ್ರತಿ ಜೊತೆಗಿಡಿಸಿ. ಪ್ಯಾಕಿಂಗ್‌ನಲ್ಲಿ ಕೆಳದವಡೆ ಬೇರೆ, ತಲೆಬುರುಡೆ ಬೇರೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಎಲ್ಲ ಕಡೆ 5 ಸೆಂ.ಮೀ. ಫೋಮ್. ಕೋರೆ ಯಾವುದಕ್ಕೂ ತಾಗಬಾರದು.

ಕರ್ನಾಟಕದ ನೆಲದಲ್ಲಿ ಕತ್ತಿಹಲ್ಲಿನವು ಸಿಗುವುದಿಲ್ಲ. ಆದರೆ ಭಾರತದಲ್ಲಿವೆ: ಶಿವಾಲಿಕ್ ಬೆಟ್ಟಗಳ ಮೇಲಿನ ಸ್ತರಗಳಲ್ಲಿ ಮೆಗಾಂಟೆರಿಯಾನ್ ಫಾಲ್ಕನೆರಿ ಇದೆ, ಅಲ್ಲಿ 19ನೇ ಶತಮಾನದಲ್ಲೇ ಪಳೆಯುಳಿಕೆ ಕೂಡಿಹಾಕಿದ ಹ್ಯೂ ಫಾಲ್ಕನರ್ ಹೆಸರು ಅದಕ್ಕಿದೆ. ಹಿಮಾಚಲದ ಸಿರ್ಮೌರ್ ಜಿಲ್ಲೆಯ ಸುಕೇತಿಯಲ್ಲಿ ಪಳೆಯುಳಿಕೆ ಉದ್ಯಾನವೂ ಇದೆ. ಚಾರಣಕ್ಕೆ ಹೋದಾಗ ಅಲ್ಲೆಲ್ಲಾದರೂ ದವಡೆ ಕಂಡರೆ ಕೀಳಬೇಡಿ. ಫೋಟೊ, ಜಿಪಿಎಸ್ ಅಂಕಿ ತೆಗೆದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೋ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ತಿಳಿಸಿ. ಶಿವಾಲಿಕ್‌ನ ಮಾಂಸಾಹಾರಿಗಳ ಮಾದರಿಗಳು ಬಹಳ ಕಡಿಮೆ, ಒಂದೊಂದೂ ಅಮೂಲ್ಯ.

ಇಡುವುದು

ತಲೆಬುರುಡೆಯ ಭಾರ ಕೋರೆಯ ಮೇಲೆ ಎಂದೂ ಬೀಳಬಾರದು. ಪಾಲಿಎಥಿಲೀನ್ ಫೋಮನ್ನು ಅದರ ಆಕಾರಕ್ಕೆ ಕೆತ್ತಿ, ಅಂಗುಳು ಮತ್ತು ಹಿಂದಲೆಯ ಕೆಳಗೆ ಆಸರೆ ಕೊಡಿ. ನಿಲ್ಲಿಸುವುದಾದರೆ ಹಿತ್ತಾಳೆ ಕಂಬಿ, ತಾಗುವ ಜಾಗಕ್ಕೆ ಮೆತ್ತನೆ ಹೊದಿಕೆ. ಎಂಡಿಎಫ್ ಹಲಗೆ, ಪಿವಿಸಿ ಹಾಳೆ, ಪತ್ರಿಕೆ ಕಾಗದ ಕಪಾಟಿನೊಳಗೆ ಬೇಡ. ಇವು ಬಿಡುವ ಆಮ್ಲದ ಆವಿ ಮೂಳೆಗೆ ಒಳ್ಳೆಯದಲ್ಲ.

ತೇವಾಂಶ ಶೇ. 45–50ರ ಆಸುಪಾಸು, ಏರಿಳಿತ ಕಡಿಮೆ. ಮಂಗಳೂರು, ಉಡುಪಿ, ಮಲೆನಾಡಿನವರಿಗೆ ಮಳೆಗಾಲವೇ ಪರೀಕ್ಷೆ. ತಲೆಬುರುಡೆಯ ಒಳಗೆ ಉಳಿದ ಜೇಡಿ ಗಾಳಿಯ ತೇವ ಕುಡಿದೇ ಉಬ್ಬುತ್ತದೆ. ಬಿಗಿ ಮುಚ್ಚಳದ ಕಪಾಟು, ಸಿಲಿಕಾ ಜೆಲ್, ಒಂದು ತೇವಮಾಪಕ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ ಬಣ್ಣ ಬದಲಾದಾಗೆಲ್ಲ ಕಾಯಿಸಿ ಒಣಗಿಸಿ. ಕೆಲವು ಮೂಳೆಗಳಲ್ಲಿ ಯುರೇನಿಯಂ ಇರುತ್ತದೆ ಎಂದೆವಲ್ಲ, ಅದಕ್ಕೇ ಹಲವು ಮೂಳೆಗಳಿದ್ದರೆ ಕಪಾಟು ಮಲಗುವ ಕೋಣೆಯಲ್ಲಿ ಬೇಡ, ತೆರೆದಾಗ ಗಾಳಿಯಾಡಲಿ.

ಕಲಬುರಗಿ, ರಾಯಚೂರಿನವರಿಗೆ ಸಮಸ್ಯೆ ಬೇರೆ. ಬಿ-72 ಸುಮಾರು 40 ಡಿಗ್ರಿಗೆ ಮೆತ್ತಗಾಗಲು ಶುರುವಾಗುತ್ತದೆ. ಏಪ್ರಿಲ್–ಮೇ ಬಿಸಿಲಲ್ಲಿ, ಹೆಂಚಿನ ಅಥವಾ ಶೀಟಿನ ಕೆಳಗಿನ ಕೋಣೆಯಲ್ಲಿ, ಜೋಡಿಸಿದ ಕೋರೆ ತನ್ನ ಭಾರಕ್ಕೇ ನಿಧಾನವಾಗಿ ಬಾಗುತ್ತದೆ. ಅಲ್ಲಿ 50 ಡಿಗ್ರಿವರೆಗೆ ತಾಳುವ ಅದೇ ಬಗೆಯ ಇನ್ನೊಂದು ರಾಳ ಬಿ-48ಎನ್ ಅನ್ನು ಬಿ-72ರ ಜೊತೆ ಬೆರೆಸಿ ಬಳಸಿ. ನಿಲ್ಲಿಸಿದ ಕಾರಿನಲ್ಲಿ ಮಾತ್ರ ಯಾವ ಊರಿನಲ್ಲೂ ಬಿಡಬೇಡಿ.

ಕೊನೆಯದಾಗಿ ಸಂಖ್ಯೆ. ಹಿಂದಲೆಯ ಕೆಳಭಾಗದಲ್ಲಿ 1 ಸೆಂ.ಮೀ. ಅಗಲಕ್ಕೆ ಬಿ-72 ಬಳಿದು ಒಣಗಿಸಿ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಸಂಖ್ಯೆ ಬರೆದು, ಒಣಗಿದ ಮೇಲೆ ಮತ್ತೊಂದು ಪದರ ಬಳಿಯಿರಿ. ಎನಾಮಲ್ ಮೇಲೆ ಬರೆಯಬೇಡಿ. ಅದೇ ಸಂಖ್ಯೆ ಕೆಳದವಡೆಗೂ, ಕಳಚಿದ ಪ್ರತಿ ಚೂರಿನ ಪೊಟ್ಟಣಕ್ಕೂ, ಪುಸ್ತಕಕ್ಕೂ. ಪುಸ್ತಕದ ಒಂದು ಪ್ರತಿ ಕಪಾಟಿನ ಜೊತೆ, ಇನ್ನೊಂದು ಬೇರೆ ಮನೆಯಲ್ಲಿ, ಜಮೀನಿನ ಒಪ್ಪಂದದ ಮೂಲಪತ್ರ ಅದರ ಜೊತೆಗೆ.